ಬೆಂಕಿಸುಳಿ: ನಾಶದ ಭೌತಶಾಸ್ತ್ರ, ಉಪಯೋಗದ ರಾಜಕಾರಣ

(ಉಪನ್ಯಾಸದ ಬರಹರೂಪ)



1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ, ಜಪಾನಿನ ಕಾಂತೊ ಪ್ರದೇಶವನ್ನು ಭಾರಿ ಭೂಕಂಪವೊಂದು ನಡುಗಿಸಿತು. ಅದು ಊಟದ ಹೊತ್ತು. ಟೋಕಿಯೋದ ಮನೆಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಮರದ ಮನೆಗಳು ಉರಿಯುವ ಒಲೆಗಳ ಮೇಲೆಯೇ ಕುಸಿದವು. ನಗರದಲ್ಲಿ ನೂರಕ್ಕೂ ಹೆಚ್ಚು ಕಡೆ ಬೆಂಕಿ ಹತ್ತಿತು. ಸುಮಿದಾ ನದಿಯ ಪೂರ್ವದಂಡೆಯಲ್ಲಿದ್ದ ಹೊಂಜೊ ಎಂಬ ಶ್ರಮಿಕರ ಬಡಾವಣೆಯ ಜನ ತಮ್ಮ ಹಾಸಿಗೆ, ಪಾತ್ರೆ, ಪೆಟ್ಟಿಗೆಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಹತ್ತಿರದ ವಿಶಾಲ ಬಯಲೊಂದಕ್ಕೆ ಓಡಿದರು. ಹಿಂದೆ ಅಲ್ಲಿ ಸೈನ್ಯದ ಸಮವಸ್ತ್ರಗಳ ಉಗ್ರಾಣವಿತ್ತು. ಮನೆಗಳಿಲ್ಲದ ಆ ಬಯಲು ಸುರಕ್ಷಿತವೆಂದು ಎಲ್ಲರೂ ನಂಬಿದ್ದರು. ಸಂಜೆ ನಾಲ್ಕರ ಸುಮಾರಿಗೆ ಉರಿಯ ಕಂಬವೊಂದು ಗಿರಗಿರನೆ ತಿರುಗುತ್ತ ಆ ಬಯಲಿಗೆ ನುಗ್ಗಿತು. ಮನುಷ್ಯರು, ಕುದುರೆಗಳು, ಗಾಡಿಗಳು ಗಾಳಿಗೆ ಎತ್ತಿ ಎಸೆಯಲ್ಪಟ್ಟವು. ಹಾಸಿಗೆಗಳೇ ಸೌದೆಯಾದವು. ಅದೊಂದೇ ಬಯಲಿನಲ್ಲಿ ಸತ್ತವರು ಸುಮಾರು 38,000. ಇಡೀ ಭೂಕಂಪದಲ್ಲಿ ಸತ್ತ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ಈ ಒಂದು ಸ್ಥಳದಲ್ಲಿ ಕೊನೆಯುಸಿರೆಳೆದರು.

ಆ ಉರಿಯ ಕಂಬವನ್ನು ಕನ್ನಡದಲ್ಲಿ ಬೆಂಕಿಸುಳಿ ಎಂದು ಕರೆಯಬಹುದು. ಇಂದಿನ ಮಾತು ಅದರ ಕುರಿತು. ಆ ಸುಳಿ ಹೇಗೆ ಹುಟ್ಟುತ್ತದೆ, ಅದನ್ನು ಪಳಗಿಸಲು ನಡೆದಿರುವ ಪ್ರಯತ್ನಗಳು ಯಾವುವು, ಪಳಗಿಸಿದರೆ ಅದರಿಂದ ಯಾರಿಗೆ ಪ್ರಯೋಜನ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸೋಣ.

ಬೇಸಿಗೆಯ ಮಧ್ಯಾಹ್ನ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಧೂಳು, ತರಗೆಲೆಗಳನ್ನು ಎತ್ತಿಕೊಂಡು ಸಾಗುವ ಸುಂಟರಗಾಳಿಯನ್ನು ಬಹುಮಂದಿ ಕಂಡಿರುತ್ತಾರೆ. ಅದರೊಳಗೆ ದೆವ್ವವಿದೆಯೆಂದು ಹಿರಿಯರು ಮಕ್ಕಳನ್ನು ದೂರ ಕರೆದೊಯ್ಯುತ್ತಿದ್ದರು. ಬೆಂಕಿಸುಳಿ ಅದೇ ಕುಲದ್ದು. ನೆಲದ ಬಿಸಿಯ ಬದಲು ಅಲ್ಲಿ ಉರಿಯೇ ಇರುತ್ತದೆ. ಅದು ಹುಟ್ಟಲು ಎರಡು ಸಂಗತಿಗಳು ಕೂಡಿಬರಬೇಕು. ಮೊದಲನೆಯದು ಮೇಲೇರುವ ಬಿಸಿಗಾಳಿ. ಎರಡನೆಯದು ಸುತ್ತಲ ಗಾಳಿಯಲ್ಲಿ ಮೊದಲೇ ಇರುವ ಒಂದಿಷ್ಟು ತಿರುಗುವಿಕೆ. ಗುಡ್ಡದ ಹಿಂಬದಿ, ಕಟ್ಟಡದ ಮೂಲೆ, ಎರಡು ದಿಕ್ಕಿನ ಗಾಳಿ ಸಂಧಿಸುವ ಜಾಗ, ಬೆಂಕಿಯ ಅಂಕುಡೊಂಕಾದ ಅಂಚು ಇವೆಲ್ಲ ಆ ತಿರುಗುವಿಕೆಯನ್ನು ಒದಗಿಸಬಲ್ಲವು.

ಬಿಸಿಗಾಳಿ ಮೇಲೇರಿದಂತೆ ಸುತ್ತಲ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸುತ್ತ ದಾರವನ್ನು ಒಳಕ್ಕೆ ಎಳೆದುಕೊಂಡರೆ ಕಲ್ಲು ಹೆಚ್ಚು ವೇಗವಾಗಿ ಸುತ್ತುತ್ತದೆ. ಕೇಂದ್ರದ ಕಡೆಗೆ ಧಾವಿಸುವ ಗಾಳಿಗೂ ಆಗುವುದು ಇದೇ. ದೂರದಲ್ಲಿ ಗಮನಕ್ಕೂ ಬಾರದಷ್ಟು ನಿಧಾನವಾಗಿದ್ದ ತಿರುವು ಕೇಂದ್ರದ ಹತ್ತಿರ ಬಿರುಸಾದ ಸುಳಿಯಾಗುತ್ತದೆ. ಮೇಲೇರುವ ಬಿಸಿಗಾಳಿ ಆ ಸುಳಿಯನ್ನು ಉದ್ದಕ್ಕೆ ಎಳೆದು ಸಪೂರಗೊಳಿಸುತ್ತದೆ. ಸಪೂರವಾದಷ್ಟೂ ವೇಗ ಹೆಚ್ಚುತ್ತದೆ.

ಇದರಿಂದ ಉರಿಯ ಸ್ವಭಾವವೇ ಬದಲಾಗುತ್ತದೆ. ಸಾಮಾನ್ಯ ಉರಿ ತನ್ನ ಬದಿಗಳಿಂದ ಗಾಳಿಯನ್ನು ಅಸ್ತವ್ಯಸ್ತವಾಗಿ ಸೆಳೆದುಕೊಂಡು ಬೇಗ ಉರಿದು ಮುಗಿಯುತ್ತದೆ. ಸುಳಿಯಲ್ಲಿ ಬಿಸಿಯಾದ ಹಗುರ ಅನಿಲ ಒಳಗೆ, ತಣ್ಣನೆಯ ಭಾರದ ಗಾಳಿ ಹೊರಗೆ ನಿಂತುಬಿಡುತ್ತವೆ. ಬದಿಯ ಬೆರಕೆ ತಗ್ಗುವುದರಿಂದ ಇಂಧನದ ಆವಿ ಉರಿದು ಮುಗಿಯುವ ಮೊದಲು ಬಹಳ ಎತ್ತರಕ್ಕೆ ಸಾಗುತ್ತದೆ. ಉರಿ ಕಂಬವಾಗುವುದು ಹೀಗೆ. ನೆಲದ ಹತ್ತಿರ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ನೆಲದ ಘರ್ಷಣೆಯಿಂದ ತಿರುವು ಕುಂದಿದ ಗಾಳಿ ನೇರವಾಗಿ ಒಳನುಗ್ಗಿ ಉರಿಯನ್ನು ಇಂಧನದ ಮೇಲಕ್ಕೆ ಒತ್ತುತ್ತದೆ. ಇಂಧನ ಹೆಚ್ಚು ಕಾಯುತ್ತದೆ, ಹೆಚ್ಚು ಆವಿಯಾಗುತ್ತದೆ, ಉರಿ ಇನ್ನಷ್ಟು ಬಲಗೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೊವರ್ಡ್ ಎಮ್ಮನ್ಸ್ ಮತ್ತು ಅವರ ಸಹೋದ್ಯೋಗಿ ಯಿಂಗ್ 1967ರಲ್ಲಿ ಇದನ್ನು ಸರಳವಾದ ಉಪಕರಣದಿಂದ ತೋರಿಸಿದರು. ಉರಿಯುವ ಅಸಿಟೋನ್ ತಟ್ಟೆಯ ಸುತ್ತ ಜಾಲರಿಯ ಪರದೆಯೊಂದನ್ನು ತಿರುಗಿಸಿದಾಗ ಉರಿ ಹಲವು ಪಟ್ಟು ಎತ್ತರವಾಯಿತು, ಇಂಧನ ಬೇಗ ಬೇಗ ಖರ್ಚಾಯಿತು.

ಹೊಂಜೊದ ಬಯಲಿಗೆ ಮರಳೋಣ. ದುರಂತದ ಬಳಿಕ ಅದರ ಸುಳಿಗಳನ್ನು ಅಧ್ಯಯನ ಮಾಡಿದವರಲ್ಲಿ ಭೌತವಿಜ್ಞಾನಿಯೂ ಪ್ರಬಂಧಕಾರರೂ ಆಗಿದ್ದ ತೆರಾದಾ ತೊರಾಹಿಕೊ ಪ್ರಮುಖರು. 1991ರಲ್ಲಿ ಸೋಮಾ ಮತ್ತು ಸೈತೋ ಎಂಬ ಸಂಶೋಧಕರು ಆ ದಿನದ ಬೆಂಕಿಯನ್ನು ಚಿಕ್ಕ ಮಾದರಿಯಲ್ಲಿ ಮರುಸೃಷ್ಟಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೂಲೆ ಮುರಿದ ಆಕಾರದಲ್ಲಿ, ಅಂದರೆ ಇಂಗ್ಲಿಷಿನ ಎಲ್ ಅಕ್ಷರದಂತೆ, ಬೆಂಕಿ ಹಬ್ಬಿರುವಾಗ ಗಾಳಿ ಅದರ ಮೇಲೆ ಹಾದುಹೋದರೆ ಉರಿಯಿಲ್ಲದ ಒಳಮೂಲೆಯಲ್ಲೇ ಸುಳಿ ಹುಟ್ಟುತ್ತದೆ ಎಂಬುದು ಸ್ಪಷ್ಟವಾಯಿತು. ಗಾಳಿ ತೀರ ಮಂದವಾಗಿದ್ದರೂ ಸುಳಿಯಿಲ್ಲ, ತೀರ ಜೋರಾಗಿದ್ದರೂ ಇಲ್ಲ. ನಡುವಿನ ಒಂದು ವೇಗದಲ್ಲಿ ಮಾತ್ರ ಅದು ಏಳುತ್ತದೆ. ಜನರು ಸುರಕ್ಷಿತವೆಂದು ಆರಿಸಿಕೊಂಡ ತೆರಪೇ ಸುಳಿಗೆ ತಕ್ಕ ಜಾಗವಾಗಿತ್ತು.

ಆ ದಿನಗಳಲ್ಲಿ ಟೋಕಿಯೋದಲ್ಲಿ ಇನ್ನೊಂದು ಬಗೆಯ ಸಾವೂ ಹಬ್ಬಿತ್ತು. ಕೊರಿಯನ್ನರು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆ, ಬೆಂಕಿ ಹಚ್ಚುತ್ತಿದ್ದಾರೆ ಎಂಬ ವದಂತಿ ಎದ್ದಿತು. ಕಾವಲು ಗುಂಪುಗಳು, ಪೊಲೀಸರು ಮತ್ತು ಸೈನಿಕರು ಸೇರಿ ಸಾವಿರಾರು ಕೊರಿಯನ್ ವಲಸಿಗರನ್ನು ಕೊಂದರು. ಚೀನೀ ಕಾರ್ಮಿಕರೂ ಜಪಾನಿನ ಸಮಾಜವಾದಿಗಳೂ ಅದೇ ಸಮಯದಲ್ಲಿ ಹತರಾದರು. ಹೊಂಜೊದ ಆ ಬಯಲು ಇಂದು ಯೊಕೊಅಮಿಚೊ ಉದ್ಯಾನವಾಗಿದೆ. ಬೆಂಕಿಯಲ್ಲಿ ಸತ್ತವರ ಸ್ಮಾರಕ ಭವನ ಅಲ್ಲಿದೆ; ಕೊಲೆಯಾದ ಕೊರಿಯನ್ನರ ಸ್ಮಾರಕ ಶಿಲೆಯನ್ನು 1973ರಲ್ಲಿ ಅಲ್ಲಿಯೇ ನಿಲ್ಲಿಸಲಾಯಿತು. ಪ್ರತಿ ವರ್ಷ ಅಲ್ಲಿ ನಡೆಯುವ ಸ್ಮರಣ ಸಭೆಗೆ ಟೋಕಿಯೋದ ಗವರ್ನರರು ಸಂತಾಪ ಸಂದೇಶ ಕಳಿಸುವ ರೂಢಿಯಿತ್ತು. 2017ರಿಂದ ಅದು ನಿಂತುಹೋಗಿದೆ. ಬೆಂಕಿಯ ಸುಳಿಯನ್ನು ವಿವರಿಸಲು ಭೌತಶಾಸ್ತ್ರ ಸಾಕು. ವದಂತಿಯ ಸುಳಿಯನ್ನು ವಿವರಿಸಲು ವಸಾಹತು ಆಡಳಿತದ ಚರಿತ್ರೆ ಬೇಕು. ಪರದೇಶದಲ್ಲಿ ಬದುಕುವ ಯಾವುದೇ ಸಮುದಾಯಕ್ಕೆ ಈ ಎರಡನೆಯ ಚರಿತ್ರೆ ದೂರದ್ದಲ್ಲ.

ಬೆಂಕಿಯ ವಿಜ್ಞಾನವೂ ಯುದ್ಧದ ನೆರಳಿನಲ್ಲಿ ಬೆಳೆದದ್ದು ಎಂಬುದನ್ನು ಮರೆಯುವಂತಿಲ್ಲ. 1943ರ ಜುಲೈ ಕೊನೆಯಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಹ್ಯಾಂಬರ್ಗ್ ನಗರದಲ್ಲಿ ಎಬ್ಬಿಸಿದ ಉರಿಬಿರುಗಾಳಿಯಲ್ಲಿ ಹತ್ತಾರು ಸಾವಿರ ನಾಗರಿಕರು ಸತ್ತರು. 1960ರ ದಶಕದಲ್ಲಿ ಅಮೆರಿಕದ ಫ್ಲಾಂಬೊ ಯೋಜನೆಯಲ್ಲಿ ಮನೆಗಳ ಸಾಲಿನಂತೆ ಜೋಡಿಸಿದ ಸೌದೆಯ ರಾಶಿಗಳನ್ನು ಒಟ್ಟಿಗೆ ಉರಿಸಿ ನೋಡಲಾಯಿತು. ಅಣುದಾಳಿಯಾದರೆ ನಗರ ಹೇಗೆ ಉರಿಯುತ್ತದೆ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು.

ಈಗ ಅಪಾಯ ಬೇರೆ ದಿಕ್ಕಿನಿಂದ ಬರುತ್ತಿದೆ. 2003ರ ಜನವರಿ 18ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ಅಂಚಿಗೆ ಬಂದ ಕಾಳ್ಗಿಚ್ಚು ನಾಲ್ವರನ್ನು ಕೊಂದು ಸುಮಾರು 500 ಮನೆಗಳನ್ನು ಸುಟ್ಟಿತು. ಆ ದಿನ ಎದ್ದದ್ದು ಬರಿಯ ಸುಳಿಯಲ್ಲ, ಬೆಂಕಿಯೇ ಸೃಷ್ಟಿಸಿದ ಗುಡುಗುಮೋಡಕ್ಕೆ ಸೇರಿದ ನಿಜವಾದ ಟೊರ್ನಾಡೊ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2018ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ರೆಡಿಂಗ್ ನಗರದ ಬಳಿ ಎದ್ದ ಸುಳಿಯಲ್ಲಿ ಗಾಳಿಯ ವೇಗ ಗಂಟೆಗೆ 230 ಕಿಲೊಮೀಟರಿನಷ್ಟಿತ್ತೆಂದು ಅಂದಾಜಿಸಲಾಗಿದೆ. ಅದು ವಿದ್ಯುತ್ ಗೋಪುರಗಳನ್ನು ಉರುಳಿಸಿತು. ಜನರನ್ನು ತೆರವುಗೊಳಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಅದಕ್ಕೆ ಬಲಿಯಾದರು. ಆ ಕಾಳ್ಗಿಚ್ಚಿಗೆ ಕಿಡಿ ಕೊಟ್ಟದ್ದು ವಾಹನವೊಂದರ ಪಂಕ್ಚರ್ ಆದ ಗಾಲಿಯ ಲೋಹ ರಸ್ತೆಗೆ ಉಜ್ಜಿದ್ದು. ಕಿಡಿ ಆಕಸ್ಮಿಕ, ಆದರೆ ಕಾಡನ್ನು ಅಷ್ಟು ಒಣಗಿಸಿದ ಬಿಸಿ ಆಕಸ್ಮಿಕವಲ್ಲ.

ಇಂಥ ಬೆಂಕಿಯಿಂದ ಉಪಯೋಗವಾದರೂ ಏನು? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಅಪಾಯಕಾರಿಯಾದ ಗುಣವೇ ಇಲ್ಲಿ ಉಪಯೋಗದ ಮೂಲ. ಸುಳಿಯ ಉರಿ ಹೆಚ್ಚು ಬಿಸಿ, ಹೆಚ್ಚು ವೇಗ, ಹೆಚ್ಚು ಸಂಪೂರ್ಣ. ತಿರುಗುವ ಗಾಳಿಯಿಂದ ಉರಿಯನ್ನು ಒಂದೆಡೆ ನಿಲ್ಲಿಸುವ ತಂತ್ರವನ್ನು ವಿಮಾನದ ಎಂಜಿನ್‌ಗಳೂ ವಿದ್ಯುತ್ ಸ್ಥಾವರಗಳ ಅನಿಲ ಟರ್ಬೈನುಗಳೂ ದಶಕಗಳಿಂದ ಬಳಸುತ್ತಿವೆ. ತೆರೆದ ಬಯಲಿನ ಸುಳಿಯನ್ನು ಬಳಸಬಹುದೇ ಎಂಬುದು ಹೊಸ ಪ್ರಶ್ನೆ. ಅದಕ್ಕೆ ಪ್ರೇರಣೆ ಸಮುದ್ರಕ್ಕೆ ಚೆಲ್ಲಿದ ತೈಲ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ಅಮೆರಿಕ ಸರ್ಕಾರದ ಅಂದಾಜಿನಂತೆ 49 ಲಕ್ಷ ಬ್ಯಾರೆಲ್ ತೈಲ ಹೊರಬಿತ್ತು. ಅದನ್ನು ನಿಭಾಯಿಸಲು ಬಳಸಿದ ಮಾರ್ಗಗಳಲ್ಲಿ ನೀರಿನ ಮೇಲೆಯೇ ಉರಿಸುವುದೂ ಒಂದು. ಬೆಂಕಿಗೆ ಬಗ್ಗದ ತೇಲುಬೇಲಿಗಳಿಂದ ತೈಲವನ್ನು ಒಂದೆಡೆ ಕೂಡಿಸಿ 411 ಬಾರಿ ಬೆಂಕಿ ಇಡಲಾಯಿತು. ಈ ವಿಧಾನಕ್ಕೆ ಎರಡು ಕೊರತೆಗಳಿವೆ. ತೈಲದ ಪದರ ಎರಡು ಮೂರು ಮಿಲಿಮೀಟರಿಗಿಂತ ತೆಳುವಾದರೆ ಬೆಂಕಿ ಹತ್ತುವುದೇ ಕಷ್ಟ, ಏಕೆಂದರೆ ಕೆಳಗಿನ ನೀರು ಬಿಸಿಯನ್ನು ಹೀರುತ್ತದೆ. ಜೊತೆಗೆ ಅರೆಬೆಂದ ಇಂಗಾಲ ದಟ್ಟವಾದ ಕಪ್ಪು ಹೊಗೆಯಾಗಿ ಏಳುತ್ತದೆ, ಉಳಿದ ಡಾಂಬರಿನಂಥ ಗಸಿ ಸಮುದ್ರದ ತಳ ಸೇರುತ್ತದೆ. ಹೊಗೆ ಸೇವಿಸುವವರು ದಂಡೆಯ ಜನ ಮತ್ತು ಶುಚಿಗೊಳಿಸಲು ಹೋದ ಕಾರ್ಮಿಕರು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುವಾಹುವಾ ಶಿಯಾವೊ, ಮೈಕೆಲ್ ಗೋಲ್ನರ್ ಮತ್ತು ಎಲೇನ್ ಒರಾನ್ ಈ ಹಿನ್ನೆಲೆಯಲ್ಲಿ ನೀರಿನ ಮೇಲೆ ಬೆಂಕಿಸುಳಿಯನ್ನು ಎಬ್ಬಿಸಿದರು. ಎರಡು ಅರೆಕೊಳವೆಗಳನ್ನು ತುಸು ಸರಿಸಿ ನಿಲ್ಲಿಸಿದರೆ ಸೀಳುಗಳಿಂದ ಗಾಳಿ ಓರೆಯಾಗಿ ನುಗ್ಗಿ ತಾನೇ ತಿರುಗುತ್ತದೆ. ನಡುವೆ ನೀರು, ಅದರ ಮೇಲೆ ಹೆಪ್ಟೇನ್ ಎಂಬ ದ್ರವ ಇಂಧನ. ಬೆಂಕಿಯಿಟ್ಟಾಗ ನಿರೀಕ್ಷೆಯಂತೆ ಎತ್ತರದ ಹಳದಿ ಕಂಬ ಎದ್ದಿತು. ಆಮೇಲೆ ಯಾರೂ ನಿರೀಕ್ಷಿಸದ್ದು ನಡೆಯಿತು. ಕಂಬ ಕುಗ್ಗಿ, ಸದ್ದಡಗಿ, ಬುಗುರಿಯಂಥ ಕೆಲವೇ ಸೆಂಟಿಮೀಟರಿನ ನೀಲಿ ಜ್ವಾಲೆಯಾಗಿ ತಿರುಗತೊಡಗಿತು. 2016ರಲ್ಲಿ ಪ್ರಕಟವಾದ ಈ ಶೋಧಕ್ಕೆ ನೀಲಿಸುಳಿ ಎಂಬ ಹೆಸರು ಬಂದಿತು.

ಬಣ್ಣದ ಮಹತ್ವ ಇಲ್ಲಿದೆ. ದೀಪದ ಉರಿ ಹಳದಿಯಾಗಿ ಕಾಣುವುದು ಅದರೊಳಗೆ ಕಾದು ಹೊಳೆಯುವ ಮಸಿಯ ಕಣಗಳಿಂದ. ನೀಲಿ ಎಂದರೆ ಮಸಿಯೇ ಹುಟ್ಟುತ್ತಿಲ್ಲವೆಂದು ಅರ್ಥ. 2020ರಲ್ಲಿ ಒರಾನ್ ಅವರ ತಂಡ ಗಣಕ ಮಾದರಿಯಿಂದ ಅದರ ಒಳರಚನೆಯನ್ನು ಬಿಡಿಸಿತು. ಇಂಧನ ಹೆಚ್ಚಿರುವ ಬೆರಕೆಯ ಜ್ವಾಲೆ, ಗಾಳಿ ಹೆಚ್ಚಿರುವ ಬೆರಕೆಯ ಜ್ವಾಲೆ, ಬೆರೆಯುತ್ತಲೇ ಉರಿಯುವ ಜ್ವಾಲೆ ಎಂಬ ಮೂರು ಬಗೆಗಳು ಒಂದು ಉಂಗುರದಲ್ಲಿ ಸಂಧಿಸುತ್ತವೆ. ಕಣ್ಣಿಗೆ ಪ್ರಖರ ನೀಲಿಯಾಗಿ ಕಾಣುವುದು ಆ ಉಂಗುರ. ಇತ್ತೀಚೆಗೆ ಟೆಕ್ಸಾಸ್ ಎ ಅಂಡ್ ಎಂ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಸಂಶೋಧಕರು ಬಯಲಿನಲ್ಲಿ ಮೂರು ಗೋಡೆಗಳ ನಡುವೆ ಕಚ್ಚಾತೈಲದ ಮೇಲೆ ಸುಮಾರು ಐದು ಮೀಟರ್ ಎತ್ತರದ ಸುಳಿಯನ್ನು ಎಬ್ಬಿಸಿದ್ದಾರೆ. ಅದು ನೀಲಿಯಲ್ಲ, ಹಳದಿಯದೇ. ಆದರೂ ಸಾಮಾನ್ಯ ಉರಿಗಿಂತ ಮಸಿ ಸುಮಾರು ಶೇ. 40ರಷ್ಟು ತಗ್ಗಿತು, ತೈಲ ಶೇ. 95ರವರೆಗೆ ಉರಿದುಹೋಯಿತು ಎಂದು ವರದಿಯಾಗಿದೆ.

ಭರವಸೆಯ ಜೊತೆಗೆ ಮಿತಿಗಳನ್ನೂ ಹೇಳಬೇಕು. ನೀಲಿಸುಳಿ ಇನ್ನೂ ಪ್ರಯೋಗಶಾಲೆಯ ಶಿಶು. ಗಾಳಿಯೂ ಇಂಧನವೂ ಹದವಾಗಿದ್ದರೆ ಮಾತ್ರ ನಿಲ್ಲುತ್ತದೆ. ಕಡಲಿನಲ್ಲಿ ಅಲೆಯಿದೆ, ದಿಕ್ಕು ಬದಲಿಸುವ ಗಾಳಿಯಿದೆ, ನೀರಿನೊಡನೆ ಕಲಸಿಹೋದ ತೈಲವಿದೆ. ಗೋಡೆಗಳನ್ನು ಅಲ್ಲಿ ತೇಲಿಸಿ ನಿಲ್ಲಿಸುವುದು ಸುಲಭವಲ್ಲ. ಎಷ್ಟೇ ಚೊಕ್ಕಟವಾಗಿ ಉರಿದರೂ ತೈಲದ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿಯೇ ವಾತಾವರಣ ಸೇರುತ್ತದೆ. ಕ್ಯಾನ್‌ಬೆರಾ, ರೆಡಿಂಗ್‌ಗಳ ಕಾಡನ್ನು ಒಣಗಿಸುವ ಲೆಕ್ಕಕ್ಕೆ ಅದೂ ಜಮೆಯಾಗುತ್ತದೆ.

ಇಲ್ಲಿಂದ ಪ್ರಶ್ನೆ ರಾಜಕೀಯವಾಗುತ್ತದೆ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದು ತೈಲ ಸೋರಿದಾಗ ದಂಡೆಯ ಗಸಿಯನ್ನು ಸ್ವಯಂಸೇವಕರೂ ಕೂಲಿಗಳೂ ಬಕೆಟ್ಟುಗಳಲ್ಲಿ ಎತ್ತಿದರು. ಆಳ ಸಮುದ್ರದಲ್ಲಿ ತೈಲ ಕೊರೆಯಲು ತಂತ್ರಜ್ಞಾನವುಂಟು. ಚೆಲ್ಲಿದ್ದನ್ನು ಬಳಿಯಲು ಬಕೆಟ್ಟು. ಈ ಅಂತರವನ್ನು ತುಂಬುವ ಯಾವುದೇ ವಿಜ್ಞಾನ ಸ್ವಾಗತಾರ್ಹ. ಮೀನುಗಾರರ ಬಲೆಗೂ ಕಾರ್ಮಿಕರ ಶ್ವಾಸಕೋಶಕ್ಕೂ ಅದರಿಂದ ನೇರ ಲಾಭವಿದೆ. ಆದರೆ ಸುಲಭವಾಗಿ ಸುಟ್ಟುಹಾಕಬಹುದು ಎಂಬ ಭರವಸೆ ಇನ್ನಷ್ಟು ಕೊರೆಯಲು ಪರವಾನಗಿಯಾಗಬಾರದು. ಉರಿಸುವ ಖರ್ಚು ಚೆಲ್ಲಿದವರದೇ ಆಗಬೇಕು. ಹೊಗೆಯ ಅಳತೆಗಳು ಕಂಪನಿಯ ಕಪಾಟಿನಲ್ಲಲ್ಲ, ದಂಡೆಯ ಜನರ ಭಾಷೆಯಲ್ಲಿ ಅವರ ಕೈಗೆ ಸಿಗಬೇಕು.

ನೀರಿನ ಮೇಲಿನ ಬೆಂಕಿ ಬೆಂಗಳೂರಿಗೂ ಹೊಸತಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಹೊತ್ತಿಕೊಂಡಿತು; 2017 ಮತ್ತು 2018ರಲ್ಲಿ ಕೆರೆಯಂಗಳ ಮತ್ತೆ ಉರಿಯಿತು, ಆರಿಸಲು ಸೈನಿಕರು ಬರಬೇಕಾಯಿತು. ಅಲ್ಲಿ ಯಾರೂ ಬೆಂಕಿಯನ್ನು ಸುಧಾರಿಸುವ ಮಾತಾಡಲಿಲ್ಲ. ಕೆರೆಗೆ ಹರಿಯುವ ಕೊಳಚೆಯನ್ನು ನಿಲ್ಲಿಸಿ ಎಂಬುದೇ ಸುತ್ತಲ ನಿವಾಸಿಗಳ ಬೇಡಿಕೆಯಾಗಿತ್ತು. ಆ ವಿವೇಕ ಕಡಲಿಗೂ ಅನ್ವಯಿಸುತ್ತದೆ.

ಉರಿಯ ವಿಜ್ಞಾನ ಯಾರಿಗಾಗಿ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉತ್ತರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಗಾಳಿ ಎಲ್ಲಿಂದ ಬರಬೇಕು, ಬಿಸಿ ಎಲ್ಲಿ ತಂಗಬೇಕು, ಮಸಿ ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗಳು ಒಲೆಗೂ ನೀಲಿಸುಳಿಗೂ ಸಮಾನ. ಅಸ್ತ್ರ ಒಲೆ ಆ ಪ್ರಶ್ನೆಗಳನ್ನು ಅಡುಗೆಮನೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವ ಹೆಣ್ಣಿನ ಕಡೆಯಿಂದ ಕೇಳಿತು. ನೀಲಿಸುಳಿಯ ಸಂಶೋಧನೆ ಮುಂದೆ ಯಾವ ಕಡೆಯಿಂದ ಕೇಳುತ್ತದೆ ಎಂಬುದು ಸಂಶೋಧಕರ ಸದಿಚ್ಛೆಯೊಂದನ್ನೇ ಅವಲಂಬಿಸಿಲ್ಲ. ಅದಕ್ಕೆ ಹಣ ಕೊಡುವವರು ಯಾರು, ಅದರ ಫಲಿತಾಂಶಗಳನ್ನು ಓದಿ ಪ್ರಶ್ನಿಸುವ ನಾಗರಿಕರು ಎಷ್ಟು ಮಂದಿ ಎಂಬುದರ ಮೇಲೂ ನಿಂತಿದೆ. ತೈಲದ ಆದಾಯದಲ್ಲಿ ಬೆಳೆದ ನಗರಗಳಲ್ಲಿ ವಾಸಿಸುವ ಕನ್ನಡಿಗರು, ಕೊಲ್ಲಿಯಲ್ಲಿರಲಿ ಟೆಕ್ಸಾಸಿನಲ್ಲಿರಲಿ, ಆ ನಾಗರಿಕರ ಸಾಲಿನಲ್ಲಿ ಇರಬೇಕು.