ಗುರಾಣಿ ಹೊತ್ತ ನಾಗರಿಕ



ಅಥೆನ್ಸ್ ನಗರದ ಹಳೆಯ ಚೌಕ ಅಗೋರಾ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಜಜ್ಜಿಹೋದ, ಕಿಲುಬು ಹಿಡಿದ ಕಂಚಿನ ಗುರಾಣಿಯೊಂದಿದೆ. ಪೈಲೋಸ್‌ನಲ್ಲಿ ಸ್ಪಾರ್ಟಾದವರಿಂದ ಅಥೆನ್ಸಿನವರು ಕಿತ್ತುಕೊಂಡದ್ದು ಎಂದು ಅದರ ಮೈಮೇಲೆಯೇ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದಾರೆ. ಅದು ಅಥೆನ್ಸ್ ಮತ್ತು ಸ್ಪಾರ್ಟಾ ಕಾದಾಡುತ್ತಿದ್ದ ಕಾಲ, ಕ್ರಿ.ಪೂ. 425ರ ಮಾತು. ಪೈಲೋಸ್ ಎದುರಿನ ಪುಟ್ಟ ದ್ವೀಪದಲ್ಲಿ ಸ್ಪಾರ್ಟಾ ಕಡೆಯ 292 ಸೈನಿಕರು ಶರಣಾದರು. ಅವರಲ್ಲಿ ಸುಮಾರು 120 ಮಂದಿ ಅಪ್ಪಟ ಸ್ಪಾರ್ಟಾ ನಾಗರಿಕರು. ಸ್ಪಾರ್ಟಾದವನು ಸತ್ತಾನು, ಶರಣಾಗಲಾರ ಎಂದು ನಂಬಿದ್ದ ಗ್ರೀಕರು ದಂಗಾದರು. ಆ ಯುದ್ಧದಲ್ಲಿ ಸಿಕ್ಕ ಗುರಾಣಿಗಳನ್ನು ಅಥೆನ್ಸಿನ ಚಿತ್ರಮಂಟಪದಲ್ಲಿ ತೂಗುಹಾಕಿದ್ದರು. ಸುಮಾರು 600 ವರ್ಷಗಳ ನಂತರ ಬಂದ ಪ್ರವಾಸಿ ಪೌಸನಿಯಸ್ ಕೂಡ ಅವನ್ನು ಕಂಡ. ಕಿಲುಬು ತಿನ್ನದಿರಲೆಂದು ಅವಕ್ಕೆ ರಾಳ ಬಳಿದಿದ್ದರಂತೆ!

ಗುರಾಣಿಗೆ ಇಷ್ಟು ಬೆಲೆ ಯಾಕೆ? ಅದರ ಕಟ್ಟಣೆಯನ್ನೇ ನೋಡಿ. ಸುಮಾರು 90 ಸೆಂಟಿಮೀಟರ್ ಅಗಲ, ಏಳು ಕಿಲೋ ಆಸುಪಾಸಿನ ತೂಕ. ಮರದ ಹಲಗೆ, ಮೇಲೆ ಕಂಚಿನ ಹೊದಿಕೆ. ನಡುವಿನ ಪಟ್ಟಿಯೊಳಗೆ ಎಡಮುಂಗೈ ತೂರಿಸಿ ಅಂಚಿನ ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ, ಗುರಾಣಿಯ ಒಂದು ಭಾಗ ಎಡಗಡೆಗೆ ಚಾಚಿಕೊಳ್ಳುತ್ತದೆ. ಅದು ಕಾಯುವುದು ಪಕ್ಕದವನ ಬಲಮೈಯನ್ನು. ಹಾಗಾಗಿ ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತಾನೆ, ಇಡೀ ಸೇನೆಯೇ ಬಲಕ್ಕೆ ವಾಲುತ್ತದೆ. ಕ್ರಿ.ಪೂ. 418ರ ಮ್ಯಾಂಟಿನಿಯಾ ಯುದ್ಧವನ್ನು ಬಣ್ಣಿಸುತ್ತ ಇತಿಹಾಸಕಾರ ಥುಸಿಡಿಡೀಸ್ ಇದನ್ನು ಬರೆದಿಟ್ಟಿದ್ದಾನೆ. ಸಾಲು ಮುರಿಯದಿರಲೆಂದು ಸ್ಪಾರ್ಟಾದವರು ಕೊಳಲಿನ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು ಎಂಬುದೂ ಅಲ್ಲೇ ಇದೆ.

ಸಾಲಿನಲ್ಲಿ ಗುರಾಣಿ ಬಿಸುಟು ಓಡುವುದೆಂದರೆ ಪಕ್ಕದವನನ್ನು ಸಾವಿಗೆ ಒಪ್ಪಿಸಿದ ಹಾಗೆ. ಅಥೆನ್ಸಿನಲ್ಲಿ ಅದು ಶಿಕ್ಷೆಗೆ ಗುರಿಯಾಗುವ ಅಪರಾಧ. ಆದರೆ ಕ್ರಿ.ಪೂ. ಏಳನೇ ಶತಮಾನದ ಕವಿ ಆರ್ಕಿಲೋಕಸ್, ಗುರಾಣಿ ಬಿಟ್ಟು ಜೀವ ಉಳಿಸಿಕೊಂಡೆ, ಇನ್ನೊಂದು ಕೊಂಡರಾಯಿತು ಎಂದು ರಾಜಾರೋಷವಾಗಿ ಹಾಡಿದ. ಆ ಪದ್ಯವನ್ನು ಗ್ರೀಕರು ಮರೆಯಲಿಲ್ಲ, ಶತಮಾನಗಳ ಕಾಲ ಉಳಿಸಿಕೊಂಡರು. ನನಗೆ ಇದೇ ಅವರ ದೊಡ್ಡ ಗುಣ ಅನ್ನಿಸುತ್ತದೆ.

ಗುರಾಣಿಯನ್ನು ಸಾಮಾನ್ಯವಾಗಿ ಅವರವರೇ ಕೊಳ್ಳಬೇಕಿತ್ತು. ಹೊಲವುಳ್ಳ ರೈತನಿಗೆ ಅದು ಸಾಧ್ಯ, ಕೂಲಿಯವನಿಗೆ ಕಷ್ಟ. ಇಂಥ ಸೈನಿಕರ ಬಲ ಹೆಚ್ಚಿದಂತೆ ಆಡಳಿತದಲ್ಲಿ ಪಾಲು ಪಡೆದವರ ಸಂಖ್ಯೆಯೂ ಹೆಚ್ಚಿತೆಂದು ಅರಿಸ್ಟಾಟಲ್ ಗುರುತಿಸಿದ. ಹಾಗಾದರೆ ಕೂಲಿಯವನ ಪಾಡು? ಲಾರಿಯಂ ಗಣಿಯ ಬೆಳ್ಳಿಯಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಯುದ್ಧದ ಹಡಗು ಕಟ್ಟಿಸಿದ. ಒಂದೊಂದಕ್ಕೂ 170 ಹುಟ್ಟುಗಾರರು ಬೇಕು; ಅಲ್ಲಿ ಕೂಲಿಯವನಿಗೂ ಜಾಗ ಸಿಕ್ಕಿತು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದ್ದು ಅವರ ತೋಳು. ಹುಟ್ಟು ಹಾಕುವವನಿಗೇ ಅಧಿಕಾರ ಹೆಚ್ಚಿರುವುದು ನ್ಯಾಯವೇ ಎಂದು, ಪ್ರಜಾಪ್ರಭುತ್ವ ಕಂಡರಾಗದ ಅನಾಮಧೇಯ ಲೇಖಕನೊಬ್ಬ ಗೊಣಗಿಕೊಂಡೇ ಒಪ್ಪಿಕೊಂಡಿದ್ದಾನೆ.

ಎಂಟು ವರ್ಷಗಳ ಬಳಿಕ ಈಸ್ಕಿಲಸ್ ಅದೇ ಸಲಾಮಿಸ್ ಗೆಲುವನ್ನು ನಾಟಕವಾಗಿಸಿದ. ಅವನು ಮ್ಯಾರಥಾನ್‌ನಲ್ಲಿ ಪರ್ಷಿಯನ್ನರ ಎದುರು ಕಾದಾಡಿದವನು, ಅಲ್ಲಿ ಸೋದರನನ್ನು ಕಳೆದುಕೊಂಡವನು. ಆದರೂ ‘ಪರ್ಷಿಯನ್ನರು’ ನಾಟಕದಲ್ಲಿ ಗೆದ್ದವರ ಜಯಕಾರವಿಲ್ಲ, ಸೋತ ಅರಮನೆಯ ಗೋಳಾಟವಿದೆ. ಹುಟ್ಟು ಹಾಕಿ ಕೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡವರು ಕೂತು ವೈರಿಯ ತಾಯಿಯ ಅಳಲು ಕೇಳಿದರು, ಬಹುಮಾನವನ್ನೂ ಕೊಟ್ಟರು.

ಇಂಥ ನಾಟಕಗಳು ನಡೆಯುತ್ತಿದ್ದ ಅಥೆನ್ಸಿನ ಉತ್ಸವದಲ್ಲಿ, ನಾಟಕಗಳಿಗೆ ಮುನ್ನ, ಯುದ್ಧದಲ್ಲಿ ತಂದೆ ಕಳೆದುಕೊಂಡು ಸರ್ಕಾರದ ಖರ್ಚಿನಲ್ಲಿ ಬೆಳೆದ ಹುಡುಗರು ಪ್ರಾಯಕ್ಕೆ ಬಂದಾಗ ಕವಚ ತೊಟ್ಟು ಮೆರವಣಿಗೆ ಹೋಗುತ್ತಿದ್ದರು. ಯುದ್ಧದ ಇನ್ನೊಂದು ಮುಖವೂ ಅದೇ ರಂಗದಲ್ಲಿ ಕಾಣಿಸಿತು. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೇಲೋಸ್ ದ್ವೀಪಕ್ಕೆ ಮುತ್ತಿಗೆ ಹಾಕಿ, ಅದು ಮಣಿದ ಮೇಲೆ ಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿದರು. ಮರುವರ್ಷವೇ ನಾಟಕಕಾರ ಯೂರಿಪಿಡೀಸ್ ಸೋತ ಟ್ರಾಯ್ ನಗರದ ಹೆಂಗಸರ ಕತೆಯನ್ನು ರಂಗಕ್ಕೆ ತಂದ. ಕೊನೆಯಲ್ಲಿ ಅಜ್ಜಿ ಹೆಕುಬಾ ಎಳೆಯ ಮೊಮ್ಮಗನ ಹೆಣವನ್ನು ಅವನ ತಂದೆಯ ಗುರಾಣಿಯ ಮೇಲೆ ಮಲಗಿಸುತ್ತಾಳೆ. ಆ ವರ್ಷ ಮೊದಲ ಬಹುಮಾನ ಮಾತ್ರ ಬೇರೆಯವನಿಗೆ ಹೋಯಿತು.

ಮುಂದೆ ಮ್ಯಾಸಿಡಾನಿನ ದೊರೆ ಫಿಲಿಪ್ ಐದು ಮೀಟರಿಗೂ ಉದ್ದದ ಭರ್ಜಿ ತಂದ. ಅದಕ್ಕೆ ಎರಡೂ ಕೈ ಬೇಕು. ಗುರಾಣಿ ಚಿಕ್ಕದಾಗಿ ಹೆಗಲಿಗೆ ಜೋತುಬಿತ್ತು, ಹೊರುವವನು ಸಂಬಳದ ಸೈನಿಕನಾದ. ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಅವನೆದುರು ಅಥೆನ್ಸ್ ಸೋತಿತು. ಫಿಲಿಪ್ ವಿರುದ್ಧ ವರ್ಷಗಟ್ಟಲೆ ಭಾಷಣ ಮಾಡಿದ್ದ ಡೆಮೊಸ್ತನೀಸ್ ಅಂದು ಸಾಮಾನ್ಯ ಸೈನಿಕನಾಗಿ ಸಾಲಿನಲ್ಲಿದ್ದ. ಅವನ ಗುರಾಣಿಯ ಮೇಲೆ ಶುಭವಾಗಲಿ ಎಂದು ಚಿನ್ನದ ಅಕ್ಷರದಲ್ಲಿ ಬರೆದಿತ್ತಂತೆ; ಅದನ್ನು ಎಸೆದು ಓಡಿದನೆಂದು ವಿರೋಧಿಗಳು ಆಡಿಕೊಂಡರು. ಆದರೆ ಅಲ್ಲಿ ಸತ್ತವರ ಶ್ರದ್ಧಾಂಜಲಿ ಭಾಷಣಕ್ಕೆ ಅಥೆನ್ಸಿನ ಜನ ಆರಿಸಿದ್ದು ಅವನನ್ನೇ.