ತೊನ್ನೆಂಬ ಚರ್ಮವಿಕಾರವೂ ಅದರ ಕಾರಣಶೋಧವೂ



ಮನುಷ್ಯನಿಗೆ ಬರುವ ರೋಗಗಳಲ್ಲಿ ಕೆಲವು ಪ್ರಾಣವನ್ನು ಕೊಳ್ಳುವವು, ಕೆಲವು ಶಕ್ತಿಯನ್ನು ಕುಂದಿಸುವವು. ತೊನ್ನು ಈ ಎರಡನ್ನೂ ಮಾಡುವದಿಲ್ಲ. ಅದರಿಂದ ಜ್ವರವಿಲ್ಲ, ನೋವಿಲ್ಲ, ಅಂಗವೈಕಲ್ಯವಿಲ್ಲ. ಆದರೂ ಅದು ತಂದಿಡುವ ದುಃಖವು ಎಷ್ಟೋ ಘೋರವ್ಯಾಧಿಗಳ ದುಃಖಕ್ಕಿಂತ ಹೆಚ್ಚಿನದಾಗಿರುವದು. ತುಟಿಯಂಚಿನಲ್ಲಿಯೋ ಬೆರಳ ತುದಿಯಲ್ಲಿಯೋ ಕಾಳಿನಷ್ಟು ಬಿಳಿಯ ಕಲೆಯೊಂದು ಕಾಣಿಸಿದ ಮಾತ್ರಕ್ಕೆ ನಿಶ್ಚಯವಾದ ಲಗ್ನವು ಮುರಿದುಬೀಳುವದು. ಪಂಕ್ತಿಯಲ್ಲಿ ಪಕ್ಕದವರು ಸರಿದು ಕೂಡ್ರುವರು. ಅಕ್ಕನಿಗೆ ಬಂದ ಕಲೆಯ ಸುದ್ದಿಯಿಂದ ತಂಗಿಗೂ ವರ ದೊರೆಯುವದು ಕಷ್ಟವಾಗುವದು. ಜಗತ್ತಿನಲ್ಲಿ ಇನ್ನೂರು ಜನರಿಗೆ ಒಬ್ಬಿಬ್ಬರಂತೆ ಈ ವಿಕಾರವುಳ್ಳವರು ಇರುವರೆಂದು ಅಂದಾಜು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು 20ನೆಯ ವಯಸ್ಸಿನೊಳಗಾಗಿಯೇ, ಎಂದರೆ ವಿದ್ಯೆ, ಉದ್ಯೋಗ, ವಿವಾಹಗಳ ಕಾಲದಲ್ಲಿಯೇ ತಲೆದೋರುವದು.

ಈ ದುಃಖದ ಮೂಲವು ಬಹುಮಟ್ಟಿಗೆ ಒಂದು ಹೆಸರಿನ ಗೊಂದಲದಲ್ಲಿದೆ. ಜನರು ತೊನ್ನನ್ನು ಬಿಳಿ ಕುಷ್ಠವೆಂದು ಕರೆದರು. ಕರೆದ ಮೇಲೆ ಕುಷ್ಠಕ್ಕೆ ಅಂಜಿದಂತೆಯೇ ಇದಕ್ಕೂ ಅಂಜಿದರು. ಆದರೆ ಪ್ರಾಚೀನರಿಗೆ ಇವುಗಳ ಭೇದವು ತಿಳಿಯದೆ ಇರಲಿಲ್ಲ. ಅಥರ್ವವೇದದಲ್ಲಿ ಕಿಲಾಸವೆಂದೂ ಚರಕಸಂಹಿತೆಯಲ್ಲಿ ಶ್ವಿತ್ರವೆಂದೂ ಇದರ ಪ್ರಸ್ತಾಪವುಂಟು. ಸುಶ್ರುತನು ಇದನ್ನು ಕುಷ್ಠದ ಪ್ರಕರಣದಲ್ಲಿಯೇ ಹೇಳಿದರೂ, ಇದು ಚರ್ಮವನ್ನು ಮೀರಿ ಒಳಗಿಳಿಯುವದಿಲ್ಲ, ಇದರಲ್ಲಿ ಸ್ರಾವವಿಲ್ಲ ಎಂದು ಬೇರ್ಪಡಿಸಿ ತೋರಿಸಿರುವನು. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜಂತುವನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ತೊನ್ನಿನಲ್ಲಿ ಅಂಥ ಯಾವ ಜಂತುವೂ ಇಲ್ಲ. ಕುಷ್ಠದ ಕಲೆಯು ಮಾಸಲಾಗಿದ್ದು ಅಲ್ಲಿ ಸ್ಪರ್ಶಜ್ಞಾನವು ಸಾಮಾನ್ಯವಾಗಿ ಕುಂದಿರುವದು. ತೊನ್ನಿನ ಕಲೆಯು ಹಾಲಿನಂತೆ ಬಿಳಿದಾಗಿದ್ದು ಅಲ್ಲಿ ಸ್ಪರ್ಶಜ್ಞಾನವು ಯಥಾಸ್ಥಿತಿಯಲ್ಲಿರುವದು. ತೊನ್ನು ಮುಟ್ಟಿದರೆ ಬಾರದು, ಜೊತೆಗೆ ಉಂಡರೆ ಬಾರದು, ಬಟ್ಟೆಯಿಂದ ಬಾರದು. ಕುಷ್ಠವಾದರೂ 1981ರಿಂದ ಪ್ರಚಾರಕ್ಕೆ ಬಂದ ಬಹುವಿಧ ಔಷಧಗಳಿಂದ ಪೂರ್ಣವಾಗಿ ಗುಣವಾಗತಕ್ಕ ರೋಗವಾದ್ದರಿಂದ, ಅದರವರನ್ನು ದೂರವಿಡುವದಕ್ಕೂ ಕಾರಣವುಳಿದಿಲ್ಲ.

ಹಾಗಾದರೆ ತೊನ್ನೆಂಬದು ಏನು? ಮೇಲ್ಚರ್ಮದ ತಳಭಾಗದಲ್ಲಿ ವರ್ಣಕಣಗಳೆಂಬ ಜೀವಕಣಗಳಿರುವವು. ಇವು ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು ಸಿದ್ಧಪಡಿಸಿ ತಮ್ಮ ಎಳೆಯಂಥ ತೋಳುಗಳ ಮೂಲಕ ನೆರೆಯ ಕಣಗಳಿಗೆ ಹಂಚುವವು. ಒಂದೊಂದು ವರ್ಣಕಣವು ಸುಮಾರು 36 ಚರ್ಮಕಣಗಳಿಗೆ ಬಣ್ಣವನ್ನು ಒದಗಿಸುವದು. ಬಿಸಿಲಿನ ಉಗ್ರಕಿರಣಗಳಿಂದ ಚರ್ಮವನ್ನು ಕಾಯುವದೇ ಈ ಬಣ್ಣದ ಕಾರ್ಯ. ಕರಿಯನಾಗಲಿ ಬಿಳಿಯನಾಗಲಿ, ಮನುಷ್ಯಮಾತ್ರರೆಲ್ಲರಲ್ಲಿಯೂ ಈ ಕಣಗಳ ಸಂಖ್ಯೆಯು ಹೆಚ್ಚುಕಡಿಮೆ ಒಂದೇ. ಭೇದವಿರುವದು ಅವು ತಯಾರಿಸುವ ದ್ರವ್ಯದ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ. ಎಲ್ಲಿ ಈ ಬಣ್ಣಗಾರರು ಸತ್ತು ಹೋಗುವರೋ ಅಲ್ಲಿ ಚರ್ಮವು ಬೆಳ್ಳಗಾಗುವದು. ಅದೇ ತೊನ್ನು.

ಬಣ್ಣಗಾರರನ್ನು ಕೊಲ್ಲುವವರಾರು ಎಂಬದೇ ಬಹುಕಾಲ ಬಿಡಿಸಲಾರದ ಒಗಟಾಗಿತ್ತು. ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಎಂಬ ಚರ್ಮವೈದ್ಯನು ಇಂಥ ವರ್ಣವಿಕಾರಗಳಿಗೆ ಉಪಯೋಗವಾಗಬಹುದಾದ ದ್ರವ್ಯವನ್ನು ಅರಸುತ್ತ, ದನಗಳ ಮೆದುಳಿನೊಳಗಿನ ಒಂದು ಸಣ್ಣ ಗ್ರಂಥಿಯನ್ನು ಶೋಧಿಸಿ 1958ರಲ್ಲಿ ಮೆಲಟೋನಿನ್ ಎಂಬ ವಸ್ತುವನ್ನು ಬೇರ್ಪಡಿಸಿದನು. ಅದು ಶರೀರದ ನಿದ್ರೆ-ಎಚ್ಚರಗಳ ಕಾಲಮಾನಕ್ಕೆ ಸಂಬಂಧಿಸಿದ್ದೆಂದು ಮುಂದೆ ತಿಳಿಯಿತು. ತೊನ್ನಿನ ಒಗಟು ಹಾಗೆಯೇ ಉಳಿಯಿತು.

ಸುಳಿವು ಬೇರೊಂದು ದಿಕ್ಕಿನಿಂದ ದೊರೆಯಿತು. ತೊನ್ನುಳ್ಳವರಲ್ಲಿ ಥೈರಾಯ್ಡ್ ಗ್ರಂಥಿಯ ವಿಕಾರವು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತಿತ್ತು. ಆ ವಿಕಾರದಲ್ಲಿ ಶರೀರದ ರೋಗನಿರೋಧಕ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ಏರಿಹೋಗುವದು. ಇಲ್ಲಿಯೂ ಹಾಗೆಯೇ ಇರಬಹುದೇ ಎಂಬ ಸಂಶಯವು ಹುಟ್ಟಿತು. 1983ರಲ್ಲಿ ನ್ಯೂಯಾರ್ಕಿನ ಬಿಸ್ಟ್ರಿನ್ ಮತ್ತು ಅವನ ಸಂಗಡಿಗರು, ತೊನ್ನುಳ್ಳವರ ರಕ್ತದಲ್ಲಿ ವರ್ಣಕಣಗಳನ್ನೇ ಗುರಿಯಾಗಿಸಿಕೊಂಡ ಪ್ರತಿದ್ರವ್ಯಗಳಿರುವದನ್ನು ತೋರಿಸಿದರು. 2009ರಲ್ಲಿ ಆಂಸ್ಟರ್‌ಡ್ಯಾಮಿನ ಸಂಶೋಧಕರು ಇನ್ನೂ ಸ್ಪಷ್ಟವಾದ ಪ್ರಯೋಗವನ್ನು ಮಾಡಿದರು. ಕಲೆಯ ಅಂಚಿನ ಚರ್ಮದಿಂದ ‘ಟಿ’ ಕಣಗಳೆಂಬ ರಕ್ಷಕಕಣಗಳನ್ನು ತೆಗೆದು, ಅದೇ ರೋಗಿಯ ಬಣ್ಣವಿರುವ ಚರ್ಮದ ತುಣುಕಿನ ಸಂಗಡ ಇರಿಸಿದರು. ಆ ಕಣಗಳು ಚರ್ಮದೊಳಗೆ ಹೊಕ್ಕು ವರ್ಣಕಣಗಳನ್ನು ಹುಡುಕಿ ಕೊಂದವು. ಸೋಂಕಿನಿಂದ ಶರೀರವನ್ನು ಕಾಯತಕ್ಕ ಕಾವಲುಗಾರರೇ ಮನೆಯವರನ್ನು ಕಳ್ಳರೆಂದು ಭ್ರಮಿಸಿ ಕೊಲ್ಲುತ್ತಿರುವರೆಂಬದು ಹೀಗೆ ಪ್ರತ್ಯಕ್ಷವಾಯಿತು.

ಈ ಹತ್ಯೆಯು ನಡೆಯುವ ಕ್ರಮವನ್ನು ಮುಂದಿನ ವರ್ಷಗಳಲ್ಲಿ ಮ್ಯಾಸಚೂಸೆಟ್ಸಿನ ಜಾನ್ ಹ್ಯಾರಿಸ್ ಮೊದಲಾದವರು ಇಲಿಗಳ ಮೇಲಿನ ಪ್ರಯೋಗಗಳಿಂದಲೂ ರೋಗಿಗಳ ಚರ್ಮದ ಪರೀಕ್ಷೆಯಿಂದಲೂ ತಿಳಿದುಕೊಂಡರು. ‘ಟಿ’ ಕಣವು ಇಂಟರ್‌ಫೆರಾನ್ ಗ್ಯಾಮಾ ಎಂಬ ದ್ರವ್ಯವನ್ನು ಸುರಿಸುವದು. ಅದು ತಾಗಿದ ಚರ್ಮಕಣಗಳು ಬೇರೊಂದು ಬಗೆಯ ಸಂಕೇತದ್ರವ್ಯವನ್ನು ಹೊರಡಿಸುವವು. ಆ ಕರೆಯನ್ನು ಕೇಳಿ ಮತ್ತಷ್ಟು ‘ಟಿ’ ಕಣಗಳು ಧಾವಿಸಿ ಬರುವವು. ಹೀಗೆ ಒಂದು ಕೂಗು ಹತ್ತು ಜನರನ್ನು ಕೂಡಿಸಿದಂತೆ ಕಲೆಯು ಹಬ್ಬುತ್ತ ಹೋಗುವದು. ಇಂಟರ್‌ಫೆರಾನಿನ ಸಂದೇಶವು ಕಣದ ಒಳಗೆ ಮುಟ್ಟಬೇಕಾದರೆ ಜಾಕ್ ಎಂಬ ಕಿಣ್ವಗಳ ಮೂಲಕವೇ ಹೋಗಬೇಕು. ಚಿಕಿತ್ಸೆಯ ಬಾಗಿಲು ಇಲ್ಲಿಯೇ ತೆರೆದದ್ದು.

ಕಾವಲುಗಾರರಿಗೆ ಮೊದಲ ಭ್ರಮೆ ಹೇಗೆ ಹುಟ್ಟುವದು? ಇದಕ್ಕೆ ಕಾರಣವು ಒಂದೇ ಅಲ್ಲ. ವಂಶದ ಪಾತ್ರವುಂಟು, ಆದರೆ ಅದು ಜನರು ತಿಳಿದಷ್ಟಿಲ್ಲ. ರೋಗಿಗಳ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 6 ಜನರಿಗೆ ಮಾತ್ರ ಇದು ಬರುವದೆಂದೂ, ಎಲ್ಲ ವಿಧದಿಂದಲೂ ಒಂದೇ ಬೀಜವುಳ್ಳ ಅವಳಿಗಳಲ್ಲಿಯೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವದು ನೂರಕ್ಕೆ 23ರ ಪ್ರಮಾಣದಲ್ಲಿ ಮಾತ್ರವೆಂದೂ 2003ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಮನೆತನಕ್ಕೆಲ್ಲ ಕಲಂಕವನ್ನು ಹಚ್ಚುವವರು ಈ ಅಂಕಿಗಳನ್ನು ಮನಸ್ಸಿನಲ್ಲಿಡಬೇಕು. ಕೆಲವು ರಾಸಾಯನಿಕ ದ್ರವ್ಯಗಳೂ ಕಾರಣವಾಗುವವು. 1939ರ ಸುಮಾರಿಗೆ ಅಮೇರಿಕೆಯ ಚರ್ಮ ಹದಮಾಡುವ ಕಾರಖಾನೆಯೊಂದರಲ್ಲಿ ರಬ್ಬರಿನ ಕೈಚೀಲಗಳನ್ನು ಧರಿಸಿದ ಕೆಲಸಗಾರರ ಕೈಗಳು ಬಣ್ಣಗೆಟ್ಟವು. ರಬ್ಬರಿನಲ್ಲಿ ಬೆರೆಸಿದ ಒಂದು ದ್ರವ್ಯವೇ ಅದಕ್ಕೆ ಕಾರಣವಾಗಿತ್ತು. 2013ರಲ್ಲಿ ಜಪಾನಿನಲ್ಲಿ ಮುಖವನ್ನು ಬೆಳ್ಳಗೆ ಮಾಡುವ ಲೇಪವೊಂದರಿಂದ ಸಾವಿರಾರು ಜನರಿಗೆ ಬಿಳಿಯ ಕಲೆಗಳಾದವು. ಅಂಟಿಸುವ ಬಿಂದಿಯ ಅಂಟಿನಲ್ಲಿಯ ದ್ರವ್ಯದಿಂದ ಹೆಂಗಳೆಯರ ಹಣೆಯ ಮೇಲೆ ಕಲೆಯಾಗುವದನ್ನು ಭಾರತದ ಚರ್ಮವೈದ್ಯರು ಬಲ್ಲರು. ಇಂಥ ದ್ರವ್ಯಗಳಿಂದ ನೊಂದ ವರ್ಣಕಣಗಳು ಹೊರಡಿಸುವ ಆರ್ತಸಂಕೇತವೇ ರಕ್ಷಕಕಣಗಳನ್ನು ಎಬ್ಬಿಸುವದು.

ಚಿಕಿತ್ಸೆಯ ವಿಷಯದಲ್ಲಿ ಬಾವಂಚಿಯ ಬೀಜವನ್ನು ಉಪಯೋಗಿಸಿ ಬಿಸಿಲಿಗೆ ಮೈಯೊಡ್ಡುವ ಪದ್ಧತಿಯು ಈ ದೇಶದಲ್ಲಿ ಬಹು ಪುರಾತನವಾದದ್ದು. 1940ರ ದಶಕದಲ್ಲಿ ಈಜಿಪ್ತದ ಎಲ್ ಮೊಫ್ಟಿ ಎಂಬ ವೈದ್ಯನು ನೈಲ್ ತೀರದ ಗಿಡವೊಂದರಿಂದ ತೆಗೆದ ಇದೇ ಜಾತಿಯ ದ್ರವ್ಯವನ್ನು ಬಿಸಿಲಿನೊಡನೆ ಪ್ರಯೋಗಿಸಿ ಆಧುನಿಕ ಚಿಕಿತ್ಸೆಗೆ ತಳಹದಿಯನ್ನು ಹಾಕಿದನು. ಆದರೆ ಬಾವಂಚಿಯನ್ನು ಮನಬಂದಂತೆ ಬಳಸಿದರೆ ಚರ್ಮವು ಸುಟ್ಟು ಬೊಕ್ಕೆಗಳೇಳುವವು, ಪಿತ್ತಕೋಶಕ್ಕೂ ಕೇಡಾಗಬಹುದು. 1997ರಿಂದ ಆರಿಸಿದ ಕಿರಣಗಳನ್ನಷ್ಟೇ ಬೀರುವ ದೀಪಗಳ ಚಿಕಿತ್ಸೆಯು ಪ್ರಚಾರಕ್ಕೆ ಬಂದಿತು. ಕೂದಲ ಬೇರಿನಲ್ಲಿ ಅಡಗಿ ಉಳಿದ ಮೂಲಕಣಗಳು ಎಚ್ಚತ್ತು ಹೊರಬರುವದರಿಂದ ಬಣ್ಣವು ಕೂದಲ ಸುತ್ತಲೂ ಚುಕ್ಕೆಚುಕ್ಕೆಯಾಗಿ ಮರಳುವದು. ಆದುದರಿಂದಲೇ ಕೂದಲಿಲ್ಲದ ತುಟಿ, ಬೆರಳತುದಿಗಳಲ್ಲಿ ಗುಣ ಕಾಣುವದು ಕಷ್ಟ.

ಕಾರಣವು ತಿಳಿದ ಮೇಲೆ ಕಾರಣಕ್ಕೇ ಕೈಯಿಕ್ಕುವ ಔಷಧಿಯೂ ಬಂದಿತು. 2015ರಲ್ಲಿ ಯೇಲಿನ ವೈದ್ಯರು ಜಾಕ್ ಕಿಣ್ವವನ್ನು ತಡೆಯುವ ಔಷಧಿಯಿಂದ ಒಬ್ಬ ರೋಗಿಗೆ ಬಣ್ಣವು ಮರಳಿದ್ದನ್ನು ಪ್ರಕಟಿಸಿದರು. ಇದೇ ವರ್ಗದ ರುಕ್ಸೋಲಿಟಿನಿಬ್ ಎಂಬ ಲೇಪಕ್ಕೆ 2022ರ ಜುಲೈ ತಿಂಗಳಲ್ಲಿ ಅಮೇರಿಕೆಯ ಸರಕಾರವು 12 ವರ್ಷ ಮೀರಿದವರಿಗಾಗಿ ಅನುಮತಿಯನ್ನಿತ್ತಿತು. 674 ಜನರ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದನ್ನು ಹಚ್ಚಿದವರ ಪೈಕಿ ನೂರಕ್ಕೆ ಸುಮಾರು 30 ಜನರಿಗೆ 24 ವಾರಗಳಲ್ಲಿ ಮುಖದ ಕಲೆಗಳು ಮುಕ್ಕಾಲುಪಾಲು ತಗ್ಗಿದವು. ಔಷಧಿಯಿಲ್ಲದ ಲೇಪ ಹಚ್ಚಿದವರಲ್ಲಿ ಈ ಪ್ರಮಾಣವು ನೂರಕ್ಕೆ ಹತ್ತರ ಆಸುಪಾಸಿನಲ್ಲಿತ್ತು. ಇದು ದೊಡ್ಡ ಮುನ್ನಡೆಯೇ ಸರಿ. ಆದರೂ ಎಲ್ಲರಿಗೂ ಗುಣವಾಗಲಿಲ್ಲವೆಂಬದನ್ನು ಮರೆಯಲಾಗದು. ಬಣ್ಣ ಮರಳಿದ ಮೇಲೆ ಚಿಕಿತ್ಸೆ ನಿಂತರೆ, ಒಂದು ವರ್ಷದೊಳಗೆ ನೂರಕ್ಕೆ ಸುಮಾರು 40 ಜನರಿಗೆ ಕಲೆಯು ಮೊದಲಿನ ಸ್ಥಳದಲ್ಲಿಯೇ ಮರುಕಳಿಸುವದು. ಏಕೆಂದರೆ ಹಳೆಯ ವೈರವನ್ನು ನೆನಪಿಟ್ಟ ಕೆಲವು ‘ಟಿ’ ಕಣಗಳು ಅಲ್ಲಿಯೇ ಬೀಡುಬಿಟ್ಟಿರುವವು. ಆ ಕಣಗಳನ್ನು ಪೋಷಿಸುವ ಸಂಕೇತವನ್ನು ಕಡಿದರೆ ಇಲಿಗಳಲ್ಲಿ ಬಣ್ಣವು ಮರಳಿ ಬಹುಕಾಲ ನಿಲ್ಲುವದೆಂದು 2018ರಲ್ಲಿ ಕಂಡುಬಂದಿತು. ಸಂಶೋಧನೆಯು ಈ ದಾರಿಯಲ್ಲಿ ಸಾಗಿದೆ.

ಇಷ್ಟೆಲ್ಲ ತಿಳಿದಮೇಲೆ ಗೃಹಸ್ಥರು ಮಾಡತಕ್ಕದ್ದೇನು? ಕಲೆಯನ್ನು ಮುಚ್ಚಿಡದೆ ಮೊದಲಿಗೇ ಚರ್ಮವೈದ್ಯರಿಗೆ ತೋರಿಸಬೇಕು. ಹಳೆಯ ಕಲೆಗಿಂತ ಹೊಸ ಕಲೆಯು ಚಿಕಿತ್ಸೆಗೆ ಬೇಗನೆ ಮಣಿಯುವದು. ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ಮಾಡಿಸಬೇಕು. ಹಾಲು, ಮೊಸರು, ಲಿಂಬೆಹಣ್ಣುಗಳಿಂದ ತೊನ್ನು ಬರುವದೆಂಬ ಮಾತಿಗೆ ಆಧಾರವಿಲ್ಲ; ಬೆಳೆಯುವ ಮಕ್ಕಳ ಬಟ್ಟಲಿನಿಂದ ಅವನ್ನು ಕಸಿಯಬಾರದು. ಗುಪ್ತೌಷಧಿಯಿಂದ ವಾರದಲ್ಲಿ ಗುಣಪಡಿಸುವೆನೆನ್ನುವವರಿಗೆ ಹಣವನ್ನು ಸುರಿಯಬಾರದು.

ಶರೀರದ ಕಾವಲುಗಾರರು ತಮ್ಮವರನ್ನು ಗುರುತಿಸದೆ ಕೊಲ್ಲುವದು ಭ್ರಮೆ. ಆ ಭ್ರಮೆಯನ್ನು ತಿದ್ದಲು ವಿಜ್ಞಾನಿಗಳು ಶ್ರಮಿಸುತ್ತಿರುವರು. ಆದರೆ ಸಮಾಜವು ತನ್ನ ಮಗಳನ್ನೇ ಗುರುತಿಸದೆ ಪಂಕ್ತಿಯಿಂದ ಎಬ್ಬಿಸುವದೂ ಅದೇ ಜಾತಿಯ ಭ್ರಮೆಯಲ್ಲವೇ? ಇದಕ್ಕೆ ಪ್ರಯೋಗಶಾಲೆಯ ಲೇಪವು ಬೇಕಿಲ್ಲ. ಪಕ್ಕದಲ್ಲಿ ಕುಳಿತು ಉಣ್ಣುವ ಒಬ್ಬರು, ಕಲೆಯನ್ನು ಕಂಡೂ ಸಂಬಂಧವನ್ನು ಬೆಳೆಸುವ ಒಂದು ಮನೆ, ಇಷ್ಟಿದ್ದರೆ ಸಾಕು. ಅಂಥ ಮನೆಗಳು ಊರೂರಿಗೆ ಹೆಚ್ಚಲಿ.