ದಾದರಿನ ಗಲ್ಲಿಗಳಲ್ಲಿ ಹಳೆಯ ಮೋಟಾರುಗಳು



ರಾಜ್ಯೋತ್ಸವದ ವೇದಿಕೆಗೆ ಕದಂಬರು, ಹೊಯ್ಸಳರು, ವಿಜಯನಗರದ ಅರಸರು ಬಂದು ಹೋಗುವುದು ವಾಡಿಕೆ. ಅವರನ್ನೆಲ್ಲ ಬದಿಗಿಟ್ಟು ಹಳೆಯ ಮೋಟಾರು ಕಾರುಗಳ ವಿಷಯ ಎತ್ತಿದರೆ, ‘ಇದೇನು, ನಾಡಹಬ್ಬಕ್ಕೂ ಗ್ಯಾರೇಜಿಗೂ ಎಲ್ಲಿಯ ನಂಟು?’ ಎಂದು ತಾವು ಕೇಳಬಹುದು. ನಂಟು ಉಂಟು. ಅದೇನೆಂಬುದನ್ನು ಮಾತಿನ ಕೊನೆಯ ಭಾಗದಲ್ಲಿ ಅರಿಕೆ ಮಾಡುತ್ತೇವೆ. ಅಲ್ಲಿಯ ತನಕ ತಾವು ನಮ್ಮೊಡನೆ ದಾದರಿನ ಬೀದಿಗಳಲ್ಲಿ ನಾಲ್ಕು ಹೆಜ್ಜೆ ನಡೆಯಬೇಕೆಂದು ಪ್ರಾರ್ಥನೆ.

ಅಪರೂಪದ ಕಾರುಗಳಲ್ಲಿ ಎರಡು ಬಗೆ. ಒಂದು, ರಾಜಮಹಾರಾಜರ ಕಾಲದ ರೋಲ್ಸ್ ರಾಯ್ಸ್, ಕ್ಯಾಡಿಲಾಕ್‌ಗಳಂತಹವು. ಇವನ್ನು ನೋಡಬೇಕಾದರೆ ಹಳೆಯ ಕಾರುಗಳ ಮೆರವಣಿಗೆಗೋ ಪ್ರದರ್ಶನಕ್ಕೋ ಹೋಗಬೇಕು. ಧರ್ಮಸ್ಥಳಕ್ಕೆ ಹೋದವರು ಶ್ರೀ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿರುವ ಹಳೆಯ ಕಾರುಗಳನ್ನು ನೋಡಿಯೇ ಇರುತ್ತೀರಿ. ಇನ್ನೊಂದು ಬಗೆಯದನ್ನು ನೋಡಲು ಟಿಕೀಟು ಬೇಡ. ತರಕಾರಿ ತರಲು ಹೊರಟಾಗ, ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ, ಯಾವುದೋ ಮರದ ಕೆಳಗೆ ಎಲೆ ಉದುರಿಸಿಕೊಂಡು ನಿಂತಿರುತ್ತದೆ. ನಮ್ಮ ಇಂದಿನ ಮಾತು ಈ ಎರಡನೆಯ ಬಗೆಯದನ್ನು ಕುರಿತದ್ದು.

ಇಂತಹ ನೋಟಕ್ಕೆ ದಾದರಿನಷ್ಟು ತಕ್ಕ ಸ್ಥಳ ಮುಂಬಯಿಯಲ್ಲಿ ಹೆಚ್ಚಿಲ್ಲ. ದಾದರ್ ಟಿ.ಟಿ. ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಟ್ರಾಮ್ ಟರ್ಮಿನಸ್ ಎಂಬುದು ಅದರ ಬಿಡಿಸಿದ ರೂಪ. ಮುಂಬಯಿಯ ಕೊನೆಯ ಟ್ರಾಮು ಬೋರಿಬಂದರಿನಿಂದ ಹೊರಟು ಇಲ್ಲಿಗೇ ಬಂದು ನಿಂತದ್ದು 1964ರ ಮಾರ್ಚಿ 31ರಂದು. ಟ್ರಾಮು ಹೋಗಿ ಅರುವತ್ತು ವರ್ಷ ಕಳೆದರೂ ಹೆಸರು ಮಾತ್ರ ಗಟ್ಟಿಯಾಗಿ ಉಳಿದಿದೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಪಾರ್ಸಿ ಕಾಲೋನಿ, ಫೈವ್ ಗಾರ್ಡನ್ಸ್. ಮಂಚೇರ್ಜಿ ಜೋಶಿಯವರ ಶ್ರಮದಿಂದ ರೂಪುಗೊಂಡ ಆ ಬಡಾವಣೆಯಲ್ಲಿ ಇಂದಿಗೂ ಮರಗಳ ನೆರಳುಂಟು, ಅಗಲವಾದ ಬೀದಿಗಳುಂಟು. ವಸ್ತುಗಳನ್ನು ಜತನವಾಗಿ ಇಟ್ಟುಕೊಳ್ಳುವುದು ಪಾರ್ಸಿ ಜನರ ಸ್ವಭಾವ. ತಂದೆ ಕೊಂಡ ಕಾರನ್ನು ಮಗ ಭಾನುವಾರ ಬೆಳಿಗ್ಗೆ ಒರಸುತ್ತ ನಿಲ್ಲುವ ನೋಟ ಅಲ್ಲಿ ಹೊಸದಲ್ಲ.

ನೋಡುವುದಕ್ಕೂ ಗುರುತಿಸುವುದಕ್ಕೂ ವ್ಯತ್ಯಾಸವಿದೆ. ಫಿಯಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಕಾರಿನಲ್ಲಿಯೇ ಎಷ್ಟೊಂದು ತಲೆಮಾರುಗಳು! 1954ರ ಹೊತ್ತಿಗೆ ಬಂದ ಗುಂಡುಮೈಯ 1100ಕ್ಕೆ ಮುಂಬಯಿಯ ಜನ ‘ಡುಕ್ಕರ್ ಫಿಯಟ್’, ಎಂದರೆ ಹಂದಿ ಫಿಯಟ್, ಎಂದು ಹೆಸರಿಟ್ಟರು. ಹೆಸರಿನಲ್ಲಿ ತಿರಸ್ಕಾರವಿಲ್ಲ, ಸಲುಗೆಯಿದೆ. ಅದರ ಮುಂದಿನ ಬಾಗಿಲುಗಳ ಕೀಲು ಹಿಂಬದಿಗಿದ್ದು, ಮನೆಯ ಬೀರುವಿನ ಹಾಗೆ ಮುಂದಿನಿಂದ ತೆರೆದುಕೊಳ್ಳುತ್ತವೆ. ಅನಂತರ ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂಬುವು ಬಂದುವು. 1964ರ ಸುಮಾರಿಗೆ ಬಂದ ಡಿಲೈಟ್‌ನಲ್ಲಿ ಬಾಗಿಲುಗಳು ಇಂದಿನ ರೀತಿಗೆ ತಿರುಗಿದುವು. ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡು, 1974ರಲ್ಲಿ ಪದ್ಮಿನಿಯಾಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮರುವರ್ಷವೇ ಫಿಯಟ್ಟಿಗೂ ನಾಮಕರಣ! ಕರ್ನಾಟಕ ಎಂಬ ಹೆಸರು ನಮ್ಮ ಬಾಯಲ್ಲಿ ಕೂಡಲೆ ನೆಲೆಸಿತು. ಪದ್ಮಿನಿ ಮಾತ್ರ ಜನರ ಬಾಯಲ್ಲಿ ಕೊನೆಯವರೆಗೂ ಫಿಯಟ್ಟಾಗಿಯೇ ಉಳಿದಳು.

ಇನ್ನು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದರಾಸಿನಲ್ಲಿ ತಯಾರಾದ ಕಾರು. ಅದರ ಬಾನೆಟ್ಟು ಚಕ್ರದ ಮೇಲಿನ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ರಿಪೇರಿಗೆ ನಿಂತಾಗ ನೋಡಿದರೆ ಮೊಸಳೆ ಬಾಯಿ ತೆರೆದಂತೆ ಕಾಣುತ್ತದೆ. ನಂಬರಿನ ಹಲಗೆಯೂ ಒಂದು ಚರಿತ್ರೆಯ ಪುಟವೇ. ಎಂ.ಎಚ್., ಕೆ.ಎ. ಎಂಬ ಈಗಿನ ಅಕ್ಷರಗಳು ಬಳಕೆಗೆ ಬಂದದ್ದು 1989ರ ನಿಯಮಗಳ ತರುವಾಯ. ಅದಕ್ಕೂ ಮೊದಲಿನ ಕಾರಿನ ಮೇಲೆ ಮೂರು ಅಕ್ಷರ, ಮುಂದೆ ಅಂಕಿಗಳು. ಬಿ.ಎಂ. ಎಂದು ಮೊದಲಾದರೆ ಅದು ಹಳೆಯ ಮುಂಬಯಿಯದು, ಎಂ.ವೈ. ಎಂದು ಮೊದಲಾದರೆ, ಬಂಧುಗಳೇ, ಅದು ಮೈಸೂರು ರಾಜ್ಯದಿಂದ ಬಂದದ್ದು. ಪರಊರಿನಲ್ಲಿ ಊರಿನವರು ಎದುರಾದಂತೆ!

ನಮ್ಮ ಬೆಂಗಳೂರೂ ಕಾರುಗಳನ್ನು ಹೆತ್ತಿದೆ. 1970ರ ದಶಕದಲ್ಲಿ ಅಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಪುಟ್ಟ ಕಾರು ತಯಾರಾಗುತ್ತಿತ್ತು. ಮುಂದೆ 1980ರ ದಶಕದಲ್ಲಿ ಸಿಪಾನಿಯವರ ‘ಡಾಲ್ಫಿನ್’ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಎರಡೇ ಬಾಗಿಲು, ಮೈಯೆಲ್ಲ ಫೈಬರ್‌ಗ್ಲಾಸು. ತಗಡಿನ ಮೈಯಲ್ಲವಾದುದರಿಂದ ಬೆರಳಿನಿಂದ ತಟ್ಟಿದರೆ ಬಕೆಟ್ಟು ತಟ್ಟಿದ ಹಾಗೆ ಮಂದವಾದ ಸದ್ದು. ಮಾರುತಿ ಕಾರು ಬಂದ ಭರಾಟೆಯಲ್ಲಿ ಅದು ನಿಲ್ಲಲಿಲ್ಲ. ಇಂದು ಎಲ್ಲಿಯಾದರೂ ಒಂದು ಡಾಲ್ಫಿನ್ ಕಣ್ಣಿಗೆ ಬಿದ್ದರೆ ಅದನ್ನು ರೋಲ್ಸ್ ರಾಯ್ಸ್‌ಗಿಂತ ಅಪರೂಪವೆಂದೇ ತಿಳಿಯಬೇಕು. ಬೆಲೆಯಿದ್ದ ಕಾರನ್ನು ಕಾಯುವವರಿದ್ದಾರೆ. ಬೆಲೆಯಿಲ್ಲದ್ದನ್ನು ಕಾಯುವವರು ಯಾರು?

ಈ ಪ್ರಶ್ನೆಯೇ ನಮ್ಮ ಮಾತಿನ ತಿರುಳು. ಅಪರೂಪವೆಂಬುದು ಹುಟ್ಟಿನಿಂದ ಬರುವ ಗುಣವಲ್ಲ. ಎಲ್ಲೆಲ್ಲಿಯೂ ಇರುವ ವಸ್ತು ಒಂದೊಂದಾಗಿ ಕಣ್ಮರೆಯಾಗುತ್ತದೆ. ಎಲ್ಲೆಲ್ಲಿಯೂ ಇದೆಯಾದುದರಿಂದ ಯಾರೂ ಎಣಿಸುವುದಿಲ್ಲ. ಕಪ್ಪು ಹಳದಿ ಟ್ಯಾಕ್ಸಿಯನ್ನೇ ನೋಡಿ. ಮುಂಬಯಿಗೆ ಬಂದ ನಮ್ಮ ಎಷ್ಟೋ ಸಂಸಾರಗಳ ಮೊದಲ ಸವಾರಿ ಅದರಲ್ಲಿಯೇ. ರೈಲಿನಿಂದ ಇಳಿದು, ತಗಡಿನ ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಮೇಲಿನ ಕ್ಯಾರಿಯರಿಗೆ ಕಟ್ಟಿ, ಉಪ್ಪಿನಕಾಯಿಯ ಭರಣಿಯನ್ನು ಅಮ್ಮನ ಮಡಿಲಲ್ಲಿಟ್ಟು, ಐದು ಜನರ ಜಾಗದಲ್ಲಿ ಏಳು ಜನ ಕುಳಿತು ಬಂದವರು ಈ ಸಭೆಯಲ್ಲಿಯೂ ಇರಬೇಕು. ಎಡಗಡೆ ಹೊರಗೆ ಕಬ್ಬಿಣದ ಮೀಟರು; ಚಾಲಕ ಕೈ ಚಾಚಿ ಅದನ್ನು ಕೆಳಕ್ಕೆ ತಿರುಗಿಸಿದೊಡನೆ ‘ಟಿಣ್’ ಎಂಬ ಸದ್ದು, ಅಪ್ಪನ ಮುಖದಲ್ಲಿ ಚಿಂತೆ! ಗೇರಿನ ಹಿಡಿ ನೆಲದಲ್ಲಿಲ್ಲ, ಸ್ಟಿಯರಿಂಗಿನ ಮಗ್ಗುಲಲ್ಲಿ. ಹಾಗಾಗಿ ಮುಂದೆ ಚಾಲಕನ ಪಕ್ಕ ಒಂದು ಮಗುವಿಗೆ ಹೆಚ್ಚಿನ ಸ್ಥಳ. 1089 ಸಿ.ಸಿ.ಯ ಆ ಚಿಕ್ಕ ಎಂಜಿನ್ನು ಮಳೆಗಾಲದ ಹಿಂದ್‌ಮಾತಾ ನೀರಿನಲ್ಲಿ ಕೆಮ್ಮುತ್ತ ಕೆಮ್ಮುತ್ತ ಮನೆ ಮುಟ್ಟಿಸುತ್ತಿತ್ತು.

ಶತಮಾನ ತಿರುಗುವ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಕಚೇರಿಯಲ್ಲಿ ದಾಖಲಾದದ್ದು 2003ರ ಅಕ್ಟೋಬರ್ 29ರಂದು. ಹೀಗಾಗಿ 2023ರ ಅಕ್ಟೋಬರ್ 30ರಿಂದ ಮುಂಬಯಿಯ ಬೀದಿಗಳಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಒಂದು ಕಾಲಕ್ಕೆ ಕೈ ಎತ್ತಿದರೆ ಮೂರು ಬಂದು ನಿಲ್ಲುತ್ತಿದ್ದ ಬಂಡಿ ಅಂದಿನಿಂದ ಅಪರೂಪದ ವಸ್ತುವಾಯಿತು. ಸ್ವಂತ ಬಳಕೆಯ ಪದ್ಮಿನಿಗಳು ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಉಸಿರಾಡುತ್ತಿವೆ.

ಇನ್ನು ನಾವು ಮಾತು ಕೊಟ್ಟಿದ್ದ ನಂಟಿನ ವಿಷಯ. ಬಹುಕಾಲ ನಮ್ಮ ದೇಶದಲ್ಲಿ ಕಾರು ತಯಾರಾಗುತ್ತಿರಲಿಲ್ಲ, ಜೋಡಣೆ ಮಾತ್ರ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯವರು 1928ರಲ್ಲಿ ಇಲ್ಲೇ ದಾದರಿಗೆ ಸಮೀಪದ ಶಿವಡಿಯಲ್ಲಿ ಕಾರ್ಖಾನೆ ತೆರೆದು, ಹಡಗಿನಲ್ಲಿ ಬಂದ ಬಿಡಿಭಾಗಗಳಿಂದ ಷೆವರ್ಲೆ ಕಾರುಗಳನ್ನು ಕೂಡಿಸುತ್ತಿದ್ದರು. ‘ಹೀಗೆ ಎಷ್ಟು ದಿನ? ಕಾರನ್ನು ನಾವೇ ಮಾಡಬೇಕು’ ಎಂದು ಹೊರಟವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯಿಂದ ಬಂದು ಮುಂಬಯಿ ಸರಕಾರದ ಇಂಜಿನಿಯರಾಗಿ ನಾಸಿಕ, ಧುಳೆ, ಪುಣೆಗಳಲ್ಲಿ ದುಡಿದು, ಮೈಸೂರಿನ ದಿವಾನಗಿರಿಯನ್ನೂ ಮಾಡಿ ಮುಗಿಸಿದ್ದ ಅವರು, 1935ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದರು. ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದರು ಜೊತೆಗೂಡಿದರು. ಮೈಸೂರು ಸರಕಾರ ನೆರವಿಗೆ ಒಪ್ಪಿ, ಬೆಂಗಳೂರಿನಲ್ಲಿಯೇ ಕಾರ್ಖಾನೆಯಾಗುವ ಸಂಭವವಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಭಾರತ ಸರಕಾರ ಅದಕ್ಕೆ ಆಸ್ಪದ ಕೊಡಲಿಲ್ಲ. ಅದೇ ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಆರಂಭಿಸಿದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿ ಕುರ್ಲಾದಲ್ಲಿ ಕಾರಿನ ಕಾರ್ಖಾನೆ ನಡೆಸಿದರು. ಹೀಗೆ ಬೆಂಗಳೂರಿಗೆ ವಿಮಾನ ಬಂತು, ಮುಂಬಯಿಗೆ ಕಾರು ಬಂತು. ಮೊದಲು ಡಾಜ್, ಪ್ಲಿಮತ್, ಅನಂತರ ಫಿಯಟ್, ಕೊನೆಗೆ ಪದ್ಮಿನಿ.

ಆದುದರಿಂದ, ಬಂಧುಗಳೇ, ಮುಂಬಯಿಯ ಗುರುತೆಂದು ಜಗತ್ತೇ ಒಪ್ಪಿದ್ದ ಆ ಟ್ಯಾಕ್ಸಿಯ ಹಿಂದೆ ಮುದ್ದೇನಹಳ್ಳಿಯ ಒಬ್ಬ ಮಹನೀಯರ ಚಿಂತನೆ ಇತ್ತು. ಮಾಟುಂಗದ ಪಶ್ಚಿಮಕ್ಕಿರುವ ಕರ್ನಾಟಕ ಸಂಘದ ಮಂದಿರ ಅವರ ಹೆಸರನ್ನು ಹೊತ್ತಿದೆ. ಆ ಮಂದಿರಕ್ಕೆ ನಾಟಕ ನೋಡಲು ಟ್ಯಾಕ್ಸಿಯಲ್ಲಿ ಹೋಗುತ್ತಿದ್ದ ಕಾಲದಲ್ಲಿ, ಮಂದಿರದ ಹೆಸರಿಗೂ ಬಂಡಿಗೂ ಸಂಬಂಧ ಉಂಟೆಂದು ಎಷ್ಟು ಜನರಿಗೆ ಹೊಳೆದೀತು? ಪರಊರಿನಲ್ಲಿ ನಾವು ನೆಲೆಸಿದವರು ಮಾತ್ರ ಎಂದು ನಮ್ಮ ಮಕ್ಕಳು ತಿಳಿಯಬಾರದು. ಈ ಊರನ್ನು ಕಟ್ಟಿದವರಲ್ಲಿ ನಮ್ಮವರ ಪಾಲೂ ಉಂಟೆಂದು ಅವರಿಗೆ ಗೊತ್ತಾಗಬೇಕು.

‘ಹಾಗಾದರೆ ಹಳೆಯ ಕಾರುಗಳೆಲ್ಲ ಹೊಗೆ ಉಗುಳುತ್ತ ಓಡಾಡಲಿ ಎನ್ನುವಿರಾ?’ ಎಂದು ಕೇಳುವವರಿದ್ದಾರೆ. ಹಾಗೆನ್ನುವುದಿಲ್ಲ. ಮಕ್ಕಳ ಎದೆಗೂಡು ಕಾರಿಗಿಂತ ದೊಡ್ಡದು. ಕೇಂದ್ರ ಸರಕಾರ 2021ರಲ್ಲಿ ಮಾಡಿರುವ ನಿಯಮದಂತೆ ಐವತ್ತು ವರ್ಷ ಮೀರಿದ ಕಾರುಗಳಿಗೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಬೇರೆ ನಂಬರು ದೊರೆಯುತ್ತದೆ. ಅವನ್ನು ಪ್ರದರ್ಶನ, ಮೆರವಣಿಗೆ, ರಿಪೇರಿಗಳಿಗಾಗಿ ಹೊರತೆಗೆಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಇದು ನ್ಯಾಯವಾದ ಮಾತು. ಅಜ್ಜನನ್ನು ಮನೆಯಲ್ಲಿಟ್ಟುಕೊಳ್ಳುತ್ತೇವೆ, ನೀರು ಹೊರಲು ಕಳಿಸುವುದಿಲ್ಲ.

ಆದರೆ ನಿಯಮಕ್ಕಿಂತ ವೇಗವಾಗಿ ಇನ್ನೊಂದು ಕೆಲಸ ನಡೆಯುತ್ತಿದೆ. ದಾದರಿನ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳೇಳುತ್ತಿವೆ. ಕಟ್ಟಡ ಒಡೆಯುವ ಮೊದಲು ಅಂಗಳ ತೆರವಾಗಬೇಕು. ಅಂಗಳದ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಕಾರು ಗುಜರಿಯವನ ಪಾಲಾಗುತ್ತದೆ. ಕಾರು ಹೋದರೆ ಹೋಗಲಿ ಎಂದರೂ, ಅದರೊಡನೆ ಕಥೆಯೂ ಹೋಗುವುದಲ್ಲ, ಅದು ನಷ್ಟ.

ಆದ್ದರಿಂದ ನಮ್ಮದೊಂದು ಚಿಕ್ಕ ಸೂಚನೆ. ಖರ್ಚಿಲ್ಲದ ಕೆಲಸ. ಮನೆಯ ಮಕ್ಕಳಿಗೆ ಒಂದು ನೋಟುಬುಕ್ಕು ಕೊಡಿ. ಬೀದಿಯಲ್ಲಿ ಹಳೆಯ ಕಾರು ಕಂಡ ದಿನ, ಸ್ಥಳ, ಬಣ್ಣ, ಬಾಗಿಲು ತೆರೆಯುವ ರೀತಿ, ದೀಪದ ಆಕಾರ ಇವನ್ನು ಬರೆಯಲಿ. ಕೈಲಾದರೆ ಚಿತ್ರ ಬಿಡಿಸಲಿ. ಕಾರನ್ನು ಮುಟ್ಟುವ ಮುನ್ನ ಯಜಮಾನರ ಅಪ್ಪಣೆ ಕೇಳಲಿ. ಕೇಳಿದರೆ ಸಾಕು, ಅವರು ಅರ್ಧ ಗಂಟೆ ಬಿಡುವುದಿಲ್ಲ! ಭಾನುವಾರ ಫೈವ್ ಗಾರ್ಡನ್ಸ್‌ನಿಂದ ಶಿವಾಜಿ ಪಾರ್ಕಿನವರೆಗೆ ತಿಲಕ್ ಸೇತುವೆ ದಾಟಿ ನಡೆದು ಬಂದರೆ ಕಾಲಿಗೂ ವ್ಯಾಯಾಮ, ಕಣ್ಣಿಗೂ ಕೆಲಸ. ಇದರ ಜೊತೆಗೆ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ: ಈ ಊರಿಗೆ ಬಂದ ದಿನ ಯಾವ ಬಂಡಿಯಲ್ಲಿ ಬಂದಿರಿ? ಮೀಟರು ಎಷ್ಟಾಯಿತು? ಚಾಲಕ ಯಾವ ಭಾಷೆಯಲ್ಲಿ ಮಾತಾಡಿದ?

ಉತ್ತರ ಹೇಳಬಲ್ಲವರು ಇಂದು ನಮ್ಮ ನಡುವೆ ಇದ್ದಾರೆ. ಎಲ್ಲೆಲ್ಲಿಯೂ ಇದ್ದ ಫಿಯಟ್ಟು ಅಪರೂಪವಾದ ಹಾಗೆ ಅವರೂ ಅಪರೂಪವಾಗುವ ಮೊದಲು ಕೇಳಿಟ್ಟುಕೊಳ್ಳೋಣ.  ಜಯ ಕರ್ನಾಟಕ.